ಅದೇ ಎಕ್ಡೈಸೋನ್‌ಗೆ ನಾಲ್ಕು ಸಲ ಜ್ವರ, ಐದನೇ ಸಲ ಗೂಡು: ಜೀನ್ ಮಟ್ಟದಲ್ಲಿ ವ್ಯತ್ಯಾಸ ಎಲ್ಲಿದೆ?

(ವೇದಿಕೆಯ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ನಾಲ್ಕನೇಜ್ವರ

ರೇಷ್ಮೆ ಹುಳ ನಾಲ್ಕು ಜ್ವರ (ಮೇವು ಬಿಟ್ಟು ಚರ್ಮ ಕಳಚುವ ಹೊತ್ತು) ದಾಟುವವರೆಗೂ ಹುಳವಾಗಿಯೇ, ಅಂದರೆ ಲಾರ್ವಾ ಆಗಿಯೇ ಇರುತ್ತದೆ. ಐದನೇ ಹಂತದ ಕೊನೆಗೆ ಹಣ್ಣಾಗಿ (ಮೇವು ಬಿಟ್ಟು ಗೂಡಿಗೆ ಸಿದ್ಧವಾಗಿ) ಗೂಡು ಕಟ್ಟಿ ಒಳಗೆ ಪ್ಯೂಪಾ (ಕೋಶಾವಸ್ಥೆ) ಆಗುತ್ತದೆ. ನಾಲ್ಕು ಜ್ವರಕ್ಕೂ ಪ್ಯೂಪಾ ಆಗುವುದಕ್ಕೂ ಏರುವ ಹಾರ್ಮೋನು ಒಂದೇ, ಎಕ್ಡೈಸೋನ್‌ನ ಸಕ್ರಿಯ ರೂಪವಾದ 20-ಹೈಡ್ರಾಕ್ಸಿಎಕ್ಡೈಸೋನ್ (ಮುಂದೆ 20ಇ ಎನ್ನುತ್ತೇನೆ). ಪದವಿ ಪಠ್ಯಗಳು "ಜುವೆನೈಲ್ ಹಾರ್ಮೋನು ಇದ್ದರೆ ಲಾರ್ವಾ, ಇಲ್ಲದಿದ್ದರೆ ರೂಪಾಂತರ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಸಾಲು ತಪ್ಪಲ್ಲ, ಆದರೆ ಅದರಿಂದ ಮೂರು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

20ಇ ಜೀವಕೋಶದೊಳಗೆ ಹೋದ ಮೇಲೆ ಯಾವ ಜೀನ್ ಮೊದಲು, ಯಾವುದು ಆಮೇಲೆ? ಜುವೆನೈಲ್ ಹಾರ್ಮೋನು (ಜೆಎಚ್) ಆ ಸರಣಿಯಲ್ಲಿ ಎಲ್ಲಿ ಕೈ ಹಾಕುತ್ತದೆ? ಒಂದೇ ರಕ್ತದಲ್ಲಿ ತೇಲುವ ಹಾರ್ಮೋನಿಗೆ ರೇಷ್ಮೆ ಗ್ರಂಥಿ ಸಾಯುವುದು, ರೆಕ್ಕೆಯ ಮೊಗ್ಗು ಬೆಳೆಯುವುದು ಹೇಗೆ?

ಎಂ.ಎಸ್ಸಿ. ವಿದ್ಯಾರ್ಥಿಗಳು ಕೈಯಾರೆ ಮಾಡಿ ನೋಡಬಹುದಾದ ಪ್ರಯೋಗಗಳೂ ಬೇಕು. ದುಬಾರಿ ಉಪಕರಣ ಇಲ್ಲದ ಕಾಲೇಜಿಗೆ ಹೊಂದುವಂಥವು.

ಪಾಲಿಟೀನ್

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ಉಳಿದೆರಡೂ ಅದರ ಮೇಲೇ ನಿಂತಿವೆ.

ಹಾರ್ಮೋನೊಂದು ನೇರವಾಗಿ ಜೀನನ್ನು ಎಚ್ಚರಿಸುತ್ತದೆ ಎಂಬುದಕ್ಕೆ ಮೊದಲು ಕಣ್ಣಿಗೆ ಬಿದ್ದ ಪುರಾವೆ ಕೀಟದಿಂದಲೇ ಬಂದದ್ದು. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆ ಪ್ಯೂಪಾಗಳಿಂದ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ತೆಗೆದರು. 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್‌ಸನ್ ಅದನ್ನು ಕೈರೊನೊಮಸ್ ಎಂಬ ಸೊಳ್ಳೆಯಂಥ ಕೀಟದ ಲಾರ್ವಾಗೆ ಚುಚ್ಚಿದಾಗ ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳಲ್ಲಿ ನಿರ್ದಿಷ್ಟ ಪಟ್ಟಿಗಳು ಉಬ್ಬಿದವು. ಆ ಉಬ್ಬು, ಅಂದರೆ ಪಫ್, ಆರ್‌ಎನ್‌ಎ ತಯಾರಾಗುತ್ತಿರುವ ಜಾಗ.

ಅದರ ಕ್ರಮವನ್ನು ಬಿಡಿಸಿದವರು ಆಶ್‌ಬರ್ನರ್. ಡ್ರೊಸೊಫಿಲಾದ (ಹಣ್ಣುನೊಣದ) ಲಾಲಾಗ್ರಂಥಿಯನ್ನು ಹೊರತೆಗೆದು ದ್ರಾವಣದಲ್ಲಿಟ್ಟು 20ಇ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅರ್ಧ ಡಜನ್‌ನಷ್ಟು ಪಫ್‌ಗಳು ಏಳುತ್ತವೆ. 2ಬಿ5, 74ಇಎಫ್, 75ಬಿ (ವರ್ಣತಂತುವಿನ ಮೇಲಿನ ಜಾಗದ ಗುರುತುಗಳು) ಪ್ರಸಿದ್ಧ; ಅಲ್ಲಿರುವ ಜೀನ್‌ಗಳು ಕ್ರಮವಾಗಿ ಬ್ರಾಡ್, ಇ74, ಇ75. ಇವು ಸುಮಾರು 4 ಗಂಟೆಗೆ ತುದಿ ಮುಟ್ಟಿ ಇಳಿಯುತ್ತವೆ. ಆಮೇಲೆ ನೂರಕ್ಕೂ ಹೆಚ್ಚು ತಡದ ಪಫ್‌ಗಳು. ಇದೇ ಪ್ರಯೋಗದಲ್ಲಿ ಸೈಕ್ಲೋಹೆಕ್ಸಿಮೈಡ್ ಹಾಕಿ ಪ್ರೋಟೀನ್ ತಯಾರಿಕೆ ನಿಲ್ಲಿಸಿದರೆ ಮೊದಲ ಪಫ್‌ಗಳು ಏಳುತ್ತವೆ, ಆದರೆ ಇಳಿಯುವುದಿಲ್ಲ; ತಡದ ಪಫ್‌ಗಳು ಬರುವುದೇ ಇಲ್ಲ. 1974ರಲ್ಲಿ ಆಶ್‌ಬರ್ನರ್ ಮತ್ತು ಸಹೋದ್ಯೋಗಿಗಳು ಮುಂದಿಟ್ಟ ಮಾದರಿ ಇಲ್ಲಿಂದ ಹುಟ್ಟಿತು: ಹಾರ್ಮೋನು ಮತ್ತು ಅದರ ಗ್ರಾಹಿ (ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಸೇರಿ ಮೊದಲ ಜೀನ್‌ಗಳನ್ನು ನೇರವಾಗಿ ಎಬ್ಬಿಸುತ್ತವೆ. ಆ ಜೀನ್‌ಗಳಿಂದಾದ ಪ್ರೋಟೀನ್‌ಗಳು ತಡದ ಜೀನ್‌ಗಳನ್ನು ಎಬ್ಬಿಸುತ್ತವೆ, ಜೊತೆಗೆ ತಮ್ಮನ್ನು ಹುಟ್ಟಿಸಿದ ಜೀನ್‌ಗಳನ್ನು ಮಲಗಿಸುತ್ತವೆ.

ಗ್ರಾಹಿ ಇಸಿಆರ್. 1991ರಲ್ಲಿ ಹೊಗ್‌ನೆಸ್ ಪ್ರಯೋಗಾಲಯ ಅದರ ಜೀನ್ ಹಿಡಿಯಿತು. ಅದು ಒಂಟಿಯಾಗಿ ಕೆಲಸ ಮಾಡದು, ಯುಎಸ್‌ಪಿ ಎಂಬ ಜೋಡಿ ಬೇಕು. ಇವೆರಡೂ ಸೇರಿ ಡಿಎನ್‌ಎಯಲ್ಲಿ ಎದುರುಬದುರಾದ ಎರಡು ತುಣುಕುಗಳ ಮೇಲೆ ಕೂರುತ್ತವೆ; ನಡುವೆ ಒಂದೇ ಒಂದು ಡಿಎನ್‌ಎ ಅಕ್ಷರದ (ಬೇಸ್‌ನ) ಅಂತರ.

ಈಗ ಪಠ್ಯ ಬಿಟ್ಟುಬಿಡುವ ಮುಖ್ಯ ವಿಷಯ. ಹಾರ್ಮೋನು ಇಲ್ಲದಾಗ ಈ ಜೋಡಿ ಸುಮ್ಮನಿರುವುದಿಲ್ಲ. ಸ್ಮಾರ್ಟರ್ ಎಂಬ ಅದುಮುವ ಪ್ರೋಟೀನನ್ನು ಹಿಡಿದುಕೊಂಡು ಅದೇ ಜೀನ್‌ಗಳನ್ನು ಮುಚ್ಚಿಡುತ್ತದೆ. 20ಇ ಬಂದಾಗ ಅದುಮುವವರು ಕಳಚಿಕೊಂಡು ಎಬ್ಬಿಸುವವರು ಸೇರುತ್ತಾರೆ. ಆದ್ದರಿಂದ ಇಸಿಆರ್ ತೆಗೆದುಹಾಕಿದ ಜೀವಕೋಶವೂ ಹಾರ್ಮೋನು ಸಿಗದ ಜೀವಕೋಶವೂ ಒಂದೇ ಅಲ್ಲ. ಇಸಿಆರ್ ತೆಗೆದಾಗ ಕೆಲವು ಜೀನ್‌ಗಳು ಅವಧಿಗೆ ಮುಂಚೆಯೇ ಎದ್ದುಬಿಡುತ್ತವೆ. ಪ್ರಯೋಗದ ಫಲಿತಾಂಶ ಓದುವಾಗ ಇದು ನೆನಪಿರಬೇಕು.

ಕಾರ್ಪೋರಾ

ಎರಡನೇ ಪ್ರಶ್ನೆ ನನಗಿರಲಿ.

ಜೆಎಚ್‌ನ ಗ್ರಾಹಿ ಯಾವುದು ಎಂಬುದು ಬಹಳ ಕಾಲ ಇತ್ಯರ್ಥವಾಗದೆ ಉಳಿದಿತ್ತು. ಉತ್ತರ ಮೆಟ್ ಎಂಬ ಪ್ರೋಟೀನ್. 2007ರಲ್ಲಿ ಕೊನೊಪೊವಾ ಮತ್ತು ಯಿಂದ್ರಾ ಕೆಂಪು ಹಿಟ್ಟಿನ ಹುಳ ಟ್ರೈಬೋಲಿಯಂನಲ್ಲಿ ಮೆಟ್ ಅನ್ನು ಆರ್‌ಎನ್‌ಎಐನಿಂದ (ಜೀನಿನ ಆರ್‌ಎನ್‌ಎಯನ್ನು ನಾಶಮಾಡುವ ವಿಧಾನದಿಂದ) ಅಡಗಿಸಿದಾಗ ಲಾರ್ವಾಗಳು ಅವಧಿಗೆ ಮುಂಚೆಯೇ ರೂಪಾಂತರಕ್ಕೆ ಇಳಿದವು. ಜೆಎಚ್ ಮೆಟ್‌ನ ಗುಳಿಯೊಳಗೆ ಕೂರುತ್ತದೆ ಎಂಬುದು 2011ರಲ್ಲಿ ಖಚಿತವಾಯಿತು. ಜೆಎಚ್ ಹಿಡಿದ ಮೆಟ್, ತೈಮಾನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ಕೆಆರ್-ಎಚ್1 ಜೀನನ್ನು ಎಬ್ಬಿಸುತ್ತದೆ. ರೇಷ್ಮೆ ಹುಳದಲ್ಲಿ ಈ ಜೋಡಿ ಎಲ್ಲಿ ಕೂರುತ್ತದೆ ಎಂಬುದನ್ನು ಕಯುಕಾವಾ ತಂಡ 2012ರಲ್ಲಿ ಗುರುತಿಸಿತು: ಜೀನಿನ ಆರಂಭದಿಂದ ಸುಮಾರು 2 ಸಾವಿರ ಅಕ್ಷರ ಹಿಂದೆ, 141 ಅಕ್ಷರದ ತುಣುಕು, ಅದರೊಳಗೆ ಇಂಥ ಪ್ರೋಟೀನ್‌ಗಳು ಹಿಡಿಯುವ ಇ-ಬಾಕ್ಸ್ ಎಂಬ ಚಿಕ್ಕ ಗುರುತು.

ಕೆಆರ್-ಎಚ್1 ಮಾಡುವ ಕೆಲಸ ತಡೆಯುವುದು. ಬ್ರಾಡ್ ಅನ್ನೂ ಇ93 ಅನ್ನೂ ಏಳಗೊಡುವುದಿಲ್ಲ. ಬ್ರಾಡ್ ಎದ್ದರೆ ಪ್ಯೂಪಾ, ಇ93 ಎದ್ದರೆ ವಯಸ್ಕ. ನಾಲ್ಕನೇ ಜ್ವರದಲ್ಲಿ 20ಇ ಏರುವಾಗ ರಕ್ತದಲ್ಲಿ ಜೆಎಚ್ ಇರುತ್ತದೆ. ಹಾಗಾಗಿ ಕೆಆರ್-ಎಚ್1 ಎದ್ದಿರುತ್ತದೆ, 20ಇ ತನ್ನ ಸರಣಿಯನ್ನು ಓಡಿಸಿ ಚರ್ಮ ಬದಲಿಸುತ್ತದೆ, ಆದರೆ ಬ್ರಾಡ್‌ನ ಬಾಗಿಲು ತೆರೆಯದು. ಹೊಸ ಚರ್ಮವೂ ಲಾರ್ವಾದ್ದೇ. ಐದನೇ ಹಂತದಲ್ಲಿ ತಲೆಯಲ್ಲಿರುವ ಕಾರ್ಪೋರಾ ಅಲ್ಲಾಟಾ ಗ್ರಂಥಿ ಜೆಎಚ್ ತಯಾರಿಯನ್ನು ನಿಲ್ಲಿಸುತ್ತದೆ, ಉಳಿದದ್ದನ್ನು ಜೆಎಚ್ ಎಸ್ಟರೇಸ್ ಎಂಬ ಕಿಣ್ವ ಒಡೆಯುತ್ತದೆ. ಆಮೇಲೆ ಹಣ್ಣಾಗುವ ಮುಂಚಿನ ಸಣ್ಣ 20ಇ ಏರಿಕೆ ಬಂದಾಗ ತಡೆ ಇಲ್ಲ. ಚರ್ಮದ ಜೀವಕೋಶಗಳಲ್ಲಿ ಬ್ರಾಡ್ ಏಳುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ. ಆ ಮೇಲೆ ಜೆಎಚ್ ಕೊಟ್ಟರೂ ಆ ಚರ್ಮ ಮತ್ತೆ ಲಾರ್ವಾ ಚರ್ಮ ಮಾಡುವುದಿಲ್ಲ.

ಮೆಟ್, ಕೆಆರ್-ಎಚ್1, ಇ93 ಈ ಮೂರರ ಸಾಲನ್ನು 2014ರಲ್ಲಿ ಬೆಯ್ಯೇಸ್ ಮತ್ತು ಸಾಂತೋಸ್ ಒಟ್ಟಾಗಿ ಮೆಕ್ರೆ93 ಮಾರ್ಗ ಎಂದು ಕರೆದರು. ಜಿರಳೆಯಂಥ, ಪ್ಯೂಪಾ ಹಂತವಿಲ್ಲದ ಕೀಟದಲ್ಲೂ ಇದೇ ಸಾಲು ಇದೆ.

ಊಜಿ

ಒಂದು ಸಂದೇಹ. ಜೆಎಚ್ ಇಲ್ಲದಿದ್ದರೆ ರೂಪಾಂತರ ಎನ್ನುವುದಾದರೆ, ಮೊದಲ ಹಂತದ ಮರಿಹುಳದಲ್ಲೇ ಜೆಎಚ್ ಇಲ್ಲವಾಗಿಸಿದರೆ ಅದು ಸಾಸಿವೆ ಗಾತ್ರದ ಪ್ಯೂಪಾ ಆಗಬೇಕಲ್ಲ?

ಕಾರ್ಪೋರಾ

ಆಗುವುದಿಲ್ಲ. ನಿಮ್ಮ ಸಂದೇಹ ಈ ಚರ್ಚೆಯ ಅತಿ ಮುಖ್ಯ ಜಾಗವನ್ನೇ ಮುಟ್ಟಿದೆ.

ಕಡಿಮೆ ಜ್ವರಗಳಲ್ಲೇ ಲಾರ್ವಾ ಜೀವನ ಮುಗಿಸುವ ಒಂದು ರೇಷ್ಮೆ ತಳಿಯಲ್ಲಿ ಸಿವೈಪಿ15ಸಿ1 ಎಂಬ ಕಿಣ್ವದ ಜೀನ್ ಕೆಟ್ಟಿರುತ್ತದೆ. ಜೆಎಚ್ ತಯಾರಿಯ ಕೊನೆಯ ಹಂತಗಳಲ್ಲೊಂದಕ್ಕೆ ಬೇಕಾದ ಕಿಣ್ವ ಅದು. 2015ರಲ್ಲಿ ದೈಮೋನ್ ತಂಡ ಇನ್ನೂ ಮುಂದೆ ಹೋಗಿ ಜೆಎಚ್ ತಯಾರಿಕೆಯ ಜೀನನ್ನೂ, ಬೇರೆಯಾಗಿ ಮೆಟ್ ಜೀನನ್ನೂ ರೇಷ್ಮೆ ಹುಳದಲ್ಲಿ ಪೂರ್ತಿ ಕಿತ್ತು ನೋಡಿತು. ಆಗಲೂ ಮೊದಲ ಎರಡು ಹಂತ ಲಾರ್ವಾಗಳಾಗಿಯೇ ಸಾಗಿದವು. ಅವಧಿಗೆ ಮುಂಚಿನ ರೂಪಾಂತರದ ಲಕ್ಷಣ ಕಂಡದ್ದು ಅದಾದ ಮೇಲೆ. ಅಂದರೆ ಎಳೆಯ ಹುಳವನ್ನು ಲಾರ್ವಾ ಆಗಿ ಹಿಡಿದಿಡುವುದು ಜೆಎಚ್ ಒಂದೇ ಅಲ್ಲ.

ಡ್ರೊಸೊಫಿಲಾದಲ್ಲಿ ಆ ಇನ್ನೊಂದು ಕೈ ಯಾರದು ಎಂಬುದು 2022–23ರ ಹೊತ್ತಿಗೆ ತಿಳಿಯಿತು: ಚಿನ್ಮೊ ಎಂಬ ಜೀನ್. ಲಾರ್ವಾ ಗುಣವನ್ನು ಚಿನ್ಮೊ ಹಿಡಿದಿಡುತ್ತದೆ, ಪ್ಯೂಪಾ ಗುಣವನ್ನು ಬ್ರಾಡ್, ವಯಸ್ಕ ಗುಣವನ್ನು ಇ93. ಮೂರೂ ಒಂದನ್ನೊಂದು ತಳ್ಳುತ್ತವೆ. ಎಳೆಯ ಲಾರ್ವಾದಲ್ಲಿ ಚಿನ್ಮೊ ಗಟ್ಟಿಯಾಗಿ ಎದ್ದಿರುವುದರಿಂದ ಬ್ರಾಡ್‌ಗೆ ಅವಕಾಶವೇ ಇಲ್ಲ. ಬೆಳೆದಂತೆ ಅದು ಇಳಿಯುತ್ತದೆ, ಆಮೇಲಷ್ಟೇ ಜೆಎಚ್ ಇಳಿದದ್ದಕ್ಕೆ ಅರ್ಥ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಜೆಎಚ್ ಪ್ರಮಾಣದ ರೇಖಾಚಿತ್ರ ಬರೆದು ರೂಪಾಂತರವನ್ನು ವಿವರಿಸುವ ಪಾಠಕ್ರಮ ಬದಲಾಗಬೇಕು. ಈ ಮೂರು ಜೀನ್‌ಗಳಿಂದ ಶುರು ಮಾಡಿ, ಹಾರ್ಮೋನು ಅವುಗಳ ನಡುವಿನ ಹಸ್ತಾಂತರಕ್ಕೆ ಸಮಯ ನಿಗದಿ ಮಾಡುತ್ತದೆ ಎಂದು ಕಲಿಸಬೇಕು.

ಪಾಲಿಟೀನ್

ಕಾರ್ಪೋರಾ ಅವರು ಹೇಳಿದ್ದು ಪೂರ್ತಿ ಒಪ್ಪಿಗೆ. ಅದಕ್ಕೆ ಸೇರಿಸಬೇಕಾದದ್ದು: ಹಾರ್ಮೋನು ಏರುವುದಷ್ಟೇ ಅಲ್ಲ, ಇಳಿಯುವುದೂ ಒಂದು ಆಜ್ಞೆ.

ಡ್ರೊಸೊಫಿಲಾ ಲೆಕ್ಕ ತೆಗೆದುಕೊಳ್ಳಿ. ಮೂರನೇ ಹಂತದ ಕೊನೆಯ ದೊಡ್ಡ 20ಇ ಏರಿಕೆಯಲ್ಲಿ ಇ75, ಎಚ್‌ಆರ್3 ಎರಡೂ ಏಳುತ್ತವೆ. ಎಚ್‌ಆರ್3 ಮೊದಲ ಜೀನ್‌ಗಳನ್ನು ಅದುಮುತ್ತದೆ, ಜೊತೆಗೆ ಬೀಟಾ-ಎಫ್‌ಟಿಝಡ್-ಎಫ್1 ಎಂಬ ಜೀನನ್ನು ಎಬ್ಬಿಸಲು ನೋಡುತ್ತದೆ. ಇ75 ಎಚ್‌ಆರ್3ಗೆ ಅಂಟಿಕೊಂಡು ಅದರ ಕೈ ಕಟ್ಟುತ್ತದೆ. 20ಇ ಇಳಿದು ಇ75 ಕಡಿಮೆಯಾದ ಮೇಲಷ್ಟೇ ಎಚ್‌ಆರ್3 ಗೆಲ್ಲುವುದು. ಹಾಗಾಗಿ ಬೀಟಾ-ಎಫ್‌ಟಿಝಡ್-ಎಫ್1 ಕಾಣಿಸುವುದು ಪ್ಯೂಪೇರಿಯಂ (ಲಾರ್ವಾ ಚರ್ಮವೇ ಗಟ್ಟಿಯಾಗಿ ಆದ ಹೊರಕವಚ) ಕಟ್ಟಿದ ಮೇಲೆ ಸುಮಾರು 6ರಿಂದ 10 ಗಂಟೆಯ ನಡುವೆ, ಹಾರ್ಮೋನು ತಗ್ಗಿರುವ ಹೊತ್ತಿನಲ್ಲಿ. 10–12 ಗಂಟೆಗೆ ಎರಡನೇ ಏರಿಕೆ ಬರುತ್ತದೆ. ಬೀಟಾ-ಎಫ್‌ಟಿಝಡ್-ಎಫ್1 ಮುಂಚೆ ಬಂದು ಹೋಗಿರುವುದರಿಂದ ಈ ಸಲ ಲಾಲಾಗ್ರಂಥಿ ಬೇರೆ ಉತ್ತರ ಕೊಡುತ್ತದೆ: ಇ93 ಏಳುತ್ತದೆ, ರೀಪರ್ ಮತ್ತು ಹಿಡ್ ಎಂಬ ಸಾವಿನ ಜೀನ್‌ಗಳು ಏಳುತ್ತವೆ, ಸಾವನ್ನು ತಡೆಯುವ ಡಯಾಪ್1 ಇಳಿಯುತ್ತದೆ, ಸುಮಾರು 14–16 ಗಂಟೆಗೆ ಗ್ರಂಥಿ ಕರಗುತ್ತದೆ. ಬೀಟಾ-ಎಫ್‌ಟಿಝಡ್-ಎಫ್1 ಇಲ್ಲದ ನೊಣದಲ್ಲಿ ಎರಡನೇ ಏರಿಕೆ ಬಂದರೂ ಗ್ರಂಥಿ ಸಾಯದೆ ಉಳಿಯುತ್ತದೆ. ಅದೇ ಗ್ರಂಥಿ, ಅದೇ ಹಾರ್ಮೋನು, ಹತ್ತು ಗಂಟೆಯ ಅಂತರದಲ್ಲಿ ಎರಡು ಬೇರೆ ಉತ್ತರ.

ಮೂರನೇ ಪ್ರಶ್ನೆಗೂ ಇದೇ ದಾರಿಯಲ್ಲಿ ಉತ್ತರ ಇದೆ. ಇಸಿಆರ್‌ಗೆ ಎ, ಬಿ1, ಬಿ2 ಎಂದು ಮೂರು ರೂಪಗಳು, ಅಂಗಾಂಶದಿಂದ ಅಂಗಾಂಶಕ್ಕೆ ಅವುಗಳ ಪಾಲು ಬೇರೆ. ಡ್ರೊಸೊಫಿಲಾದಲ್ಲಿ ಸಾಯುವ ಲಾರ್ವಾ ಅಂಗಾಂಶಗಳಲ್ಲಿ ಬಿ1 ಹೆಚ್ಚು, ರೆಕ್ಕೆ ಕಾಲುಗಳ ಮೊಗ್ಗುಗಳಲ್ಲಿ ಎ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಕ್ರೊಮಾಟಿನ್, ಅಂದರೆ ಪ್ರೋಟೀನ್‌ಗಳ ಸುತ್ತ ಸುತ್ತಿಕೊಂಡ ಡಿಎನ್‌ಎ. ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುವ ಕಡೆ ಇಸಿಆರ್ ಕೂರಲಾರದು. ಡ್ರೊಸೊಫಿಲಾ ರೆಕ್ಕೆಯಲ್ಲಿ ಇ93 ಮಾಡುವ ಕೆಲಸವೇ ವಯಸ್ಕ ಹಂತಕ್ಕೆ ಬೇಕಾದ ತಾಣಗಳನ್ನು ತೆರೆದು, ಮುಗಿದ ಹಂತದ ತಾಣಗಳನ್ನು ಮುಚ್ಚುವುದು.

ಜೀನಿನ ಉದ್ದವೂ ಗಡಿಯಾರವಾಗುತ್ತದೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಇ74 ಜೀನಿಗೆ ಎ, ಬಿ ಎಂದು ಎರಡು ರೂಪ. ಇ74ಎ ಸುಮಾರು 60 ಸಾವಿರ ಅಕ್ಷರ ಉದ್ದ. ಜೀನನ್ನು ಓದಿ ಆರ್‌ಎನ್‌ಎ ಮಾಡುವ ಪಾಲಿಮರೇಸ್ ನಿಮಿಷಕ್ಕೆ ಸುಮಾರು 1,100 ಅಕ್ಷರ ಓದುತ್ತದೆ. ಹಾರ್ಮೋನು ತಾಗಿದ ಕೂಡಲೇ ಓದು ಶುರುವಾದರೂ ಪೂರ್ತಿ ಆರ್‌ಎನ್‌ಎ ಹೊರಬರಲು ಒಂದು ಗಂಟೆ. ಇ74ಬಿ ಚಿಕ್ಕದು, ಮೇಲಾಗಿ ಅದು ಇ74ಎಗಿಂತ ಇಪ್ಪತ್ತೈದು ಪಟ್ಟು ಕಡಿಮೆ ಹಾರ್ಮೋನಿಗೇ ಏಳುತ್ತದೆ. ಆದ್ದರಿಂದ ಏರುತ್ತಿರುವ 20ಇಗೆ ಮೊದಲು ಇ74ಬಿ, ಮಟ್ಟ ಹೆಚ್ಚಾದಾಗ ಇ74ಬಿ ಆರಿ ಇ74ಎ.

ಬೆಂಚ್‌ಕೆಲಸ

ಪ್ರಯೋಗದ ಮಾತಿಗೆ ಬರುತ್ತೇನೆ. ಮೊದಲು ಪಫ್ ನೋಡುವುದು. ಇದಕ್ಕೆ ಸಾಮಾನ್ಯ ಸೂಕ್ಷ್ಮದರ್ಶಕ, 40ರ, ಸಾಧ್ಯವಾದರೆ 100ರ ಲೆನ್ಸ್ ಸಾಕು.

ಡ್ರೊಸೊಫಿಲಾ ಆಹಾರಕ್ಕೆ 0.05 ಶೇಕಡ ಬ್ರೋಮೋಫಿನಾಲ್ ಬ್ಲೂ ಬೆರೆಸಿ 25 ಡಿಗ್ರಿಯಲ್ಲಿ ಸಾಕಿ. ಗೋಡೆ ಹತ್ತಿದ ಮೂರನೇ ಹಂತದ ಲಾರ್ವಾದ ಕರುಳು ಗಾಢ ನೀಲಿ ಇದ್ದರೆ ಪ್ಯೂಪೇರಿಯಂಗೆ ಇನ್ನೂ 12 ಗಂಟೆಗಿಂತ ಹೆಚ್ಚಿದೆ. ಅರೆಬರೆ ನೀಲಿ ಇದ್ದರೆ 6ರಿಂದ 12 ಗಂಟೆ. ಪೂರ್ತಿ ಬಿಳಿಯಾಗಿದ್ದರೆ 1ರಿಂದ 6 ಗಂಟೆ. ಗಾಢ ನೀಲಿಯವು ಹಾರ್ಮೋನಿಗೆ ಮುಂಚಿನವು, ಬಿಳಿಯವು ಹಾರ್ಮೋನು ಏರಿದವು. ಬೇರೇನೂ ಮಾಡದೆ ಈ ಎರಡು ಗುಂಪುಗಳ ವರ್ಣತಂತು ಪಕ್ಕಪಕ್ಕ ಇಟ್ಟರೂ 74ಇಎಫ್ ಮತ್ತು 75ಬಿ ಉಬ್ಬು ಕಾಣುತ್ತದೆ. ಎರಡೂ ಮೂರನೇ ವರ್ಣತಂತುವಿನ ಎಡತೋಳಿನಲ್ಲಿ ಅಕ್ಕಪಕ್ಕ ಇವೆ, ಗುರುತಿಸುವುದು ಸುಲಭ.

ಗ್ರಂಥಿಯನ್ನು ಸಲೈನ್‌ನಲ್ಲಿ ಬಿಡಿಸಿ ಅಂಟಿದ ಕೊಬ್ಬನ್ನು ತೆಗೆಯಿರಿ. 45 ಶೇಕಡ ಅಸಿಟಿಕ್ ಆಮ್ಲದಲ್ಲಿ ಒಂದು ನಿಮಿಷದೊಳಗೆ ಹದಮಾಡಿ, 2 ಶೇಕಡ ಲ್ಯಾಕ್ಟೊ-ಅಸಿಟೊ-ಆರ್ಸೀನ್‌ನಲ್ಲಿ 5–10 ನಿಮಿಷ ಬಿಡಿ. ಕವರ್‌ಸ್ಲಿಪ್ ಇಟ್ಟು ಮೊದಲು ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ ತೋಳುಗಳು ಬಿಡಿಸಿಕೊಂಡ ಮೇಲೆ ಸೋಸುಕಾಗದದ ನಡುವೆ ನೇರಕ್ಕೆ ಒತ್ತಿ. ಒತ್ತುವಾಗ ಕವರ್‌ಸ್ಲಿಪ್ ಪಕ್ಕಕ್ಕೆ ಜಾರಿದರೆ ತೋಳುಗಳು ಹರಿಯುತ್ತವೆ. ಬಣ್ಣ ಹೆಚ್ಚಾದರೆ ಪಟ್ಟಿಗಳು ಮಸುಕಾಗಿ ಪಫ್ ಕಾಣದು. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ವರ್ಣತಂತು ಪೆಡಸಾಗಿ ಹರಡುವುದೇ ಇಲ್ಲ. ಅರೆಹೊಟ್ಟೆಯ, ಕಿಕ್ಕಿರಿದ ಬಾಟಲಿಯ ಲಾರ್ವಾಗಳ ವರ್ಣತಂತು ಸಣಕಲಾಗಿರುತ್ತದೆ. 18–20 ಡಿಗ್ರಿಯಲ್ಲಿ, ಬಾಟಲಿಗೆ ಕಡಿಮೆ ಮೊಟ್ಟೆ ಬಿಟ್ಟು, ಮೇಲೆ ಯೀಸ್ಟ್ ಹಾಕಿ ಸಾಕಿದರೆ ದಪ್ಪ ಬರುತ್ತದೆ. ಆದರೆ ಮೇಲೆ ಕೊಟ್ಟ ಗಂಟೆಗಳು 25 ಡಿಗ್ರಿಯವು. ತಂಪಿನಲ್ಲಿ ಸಾಕಿದಾಗ ಅವನ್ನು ಹಾಗೆಯೇ ಬಳಸಬೇಡಿ, ಬಣ್ಣದ ಕ್ರಮವನ್ನಷ್ಟೇ ನಂಬಿ.

ಗ್ರಂಥಿಗೆ ಹೊರಗಿನಿಂದ ಹಾರ್ಮೋನು ಕೊಡುವುದಾದರೆ ಗಾಢ ನೀಲಿ ಕರುಳಿನ ಲಾರ್ವಾವೇ ಬೇಕು. 20ಇಯ ಅಣುತೂಕ 480.6. ಒಂದು ಮಿಲಿಗ್ರಾಂ ಅನ್ನು 208 ಮೈಕ್ರೊಲೀಟರ್ ಎಥನಾಲ್‌ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಕತ್ತಲಲ್ಲಿ, ಮೈನಸ್ 20ರಲ್ಲಿ ಇಡಿ. ಬಳಸುವಾಗ 1ರಿಂದ 5 ಮೈಕ್ರೊಮೋಲಾರ್. ನಿಯಂತ್ರಣ ಗುಂಪಿಗೆ ಅಷ್ಟೇ ಎಥನಾಲ್ ತಪ್ಪದೆ ಹಾಕಿ. ಜೋಡಿ ಗ್ರಂಥಿಗಳಲ್ಲಿ ಒಂದನ್ನು ಹಾರ್ಮೋನಿಗೆ, ಇನ್ನೊಂದನ್ನು ನಿಯಂತ್ರಣಕ್ಕೆ ಇಟ್ಟರೆ ಲಾರ್ವಾದಿಂದ ಲಾರ್ವಾಗೆ ಇರುವ ವ್ಯತ್ಯಾಸ ಕಳೆದುಹೋಗುತ್ತದೆ.

ಸೈಕ್ಲೋಹೆಕ್ಸಿಮೈಡ್ ವಿಷ. ಕೈಗವಸು ಇಲ್ಲದೆ ಮುಟ್ಟಬೇಡಿ, ಗಾಳಿ ಬೀಸಿ ಪುಡಿ ಹಾರುವ ಜಾಗದಲ್ಲಿ ತೂಗಬೇಡಿ. ಪದವಿ ತರಗತಿಗೆ ಅದನ್ನು ಬಿಡುವುದೇ ಒಳ್ಳೆಯದು.

ನಾಲ್ಕನೇಜ್ವರ

ಕಪ್ಪುಬಿಳುಪಾಗಿ ಅರ್ಥವಾಯಿತು. ಇದನ್ನೇ ರೇಷ್ಮೆ ಹುಳದಲ್ಲಿ ಮಾಡುವುದು ಹೇಗೆ? ಇಲ್ಲಿ ಹುಳ ವರ್ಷವಿಡೀ ಸಿಗುತ್ತದೆ. ಮತ್ತೊಂದು ಮಾತು, ಜೆಎಚ್ ಪ್ರಯೋಗವನ್ನೂ ಡ್ರೊಸೊಫಿಲಾದಲ್ಲೇ ಮುಗಿಸಬಹುದೇ?

ಕಾರ್ಪೋರಾ

ಜೆಎಚ್‌ಗೆ ಡ್ರೊಸೊಫಿಲಾ ಬೇಡ. ನೊಣದ ಲಾರ್ವಾಗೆ ಎಷ್ಟು ಜೆಎಚ್ ಕೊಟ್ಟರೂ ಹೆಚ್ಚುವರಿ ಲಾರ್ವಾ ಹಂತ ಬರುವುದಿಲ್ಲ. ಬಿಳಿ ಪ್ಯೂಪೇರಿಯಂ ಹೊತ್ತಿಗೆ ಹಚ್ಚಿದರೆ ಹೊಟ್ಟೆಯ ರೋಮಗಳೂ ಗಂಡಿನ ಜನನಾಂಗದ ತಿರುವೂ ಕೆಡುತ್ತವೆ, ಅಷ್ಟೇ. ಮೇಲಾಗಿ ಅದರಲ್ಲಿ ಮೆಟ್ ಜೊತೆಗೆ ಜಿಸಿಇ ಎಂಬ ಇನ್ನೊಂದು ಗ್ರಾಹಿ ಇದೆ. ಒಂದನ್ನು ಕಿತ್ತರೆ ಇನ್ನೊಂದು ಕೆಲಸ ಮಾಡುತ್ತದೆ. "ಮೆಟ್ ಇಲ್ಲದ ನೊಣ ಬದುಕುತ್ತದೆ, ಆದ್ದರಿಂದ ಮೆಟ್ ಗ್ರಾಹಿ ಅಲ್ಲ" ಎಂಬ ಹಳೆಯ ವಾದ ಮುಗ್ಗರಿಸಿದ್ದು ಅಲ್ಲೇ. ಟ್ರೈಬೋಲಿಯಂ ಅಥವಾ ರೇಷ್ಮೆ ಹುಳ ತೆಗೆದುಕೊಳ್ಳಿ. ಆರ್‌ಎನ್‌ಎಐ ಮಾಡುವುದಿದ್ದರೆ ಟ್ರೈಬೋಲಿಯಂ; ರೇಷ್ಮೆ ಹುಳದಲ್ಲಿ ಚುಚ್ಚಿದ ಜೋಡಿ ಎಳೆಯ ಆರ್‌ಎನ್‌ಎ ಸರಿಯಾಗಿ ಕೆಲಸ ಮಾಡದು.

ಬೆಂಚ್‌ಕೆಲಸ

ರೇಷ್ಮೆ ಹುಳಕ್ಕೆ ದಾರ ಬಿಗಿಯುವ ಹಳೆಯ ಪ್ರಯೋಗವೇ ಅತ್ಯುತ್ತಮ. 1940ರಲ್ಲಿ ಫುಕುದಾ ಈ ವಿಧಾನದಿಂದಲೇ ಜ್ವರದ ಹಾರ್ಮೋನು ಮುಂದೆದೆಯ ಗ್ರಂಥಿಯಿಂದ, ಅಂದರೆ ಪ್ರೊಥೊರಾಸಿಕ್ ಗ್ರಂಥಿಯಿಂದ ಬರುತ್ತದೆ ಎಂದು ತೋರಿಸಿದ್ದು. ಮಿದುಳಿನ ಪಿಟಿಟಿಎಚ್ ಎಂಬ ಹಾರ್ಮೋನು ಆ ಗ್ರಂಥಿಯನ್ನು ಎಚ್ಚರಿಸುತ್ತದೆ, ಗ್ರಂಥಿ ಎಕ್ಡೈಸೋನ್ ಬಿಡುತ್ತದೆ, ಕೊಬ್ಬಿನ ಅಂಗಾಂಶ ಮತ್ತಿತರ ಕಡೆ ಶೇಡ್ ಎಂಬ ಕಿಣ್ವ ಅದನ್ನು 20ಇ ಮಾಡುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಬಿಗಿದರೆ ಹೊಟ್ಟೆಗೆ ಎಕ್ಡೈಸೋನೂ ಇಲ್ಲ, ಜೆಎಚ್ ಕೂಡ ಇಲ್ಲ.

ದ್ವಿತಳಿಯ ಹುಳ 25 ಡಿಗ್ರಿಯಲ್ಲಿ ಐದನೇ ಹಂತದಲ್ಲಿ ಸುಮಾರು 7–8 ದಿನ ಇರುತ್ತದೆ. ನಾಲ್ಕನೇ ಜ್ವರ ಎದ್ದ ಹೊತ್ತನ್ನು ಸೊನ್ನೆ ಗಂಟೆ ಎಂದು ಬರೆದಿಡಿ. ಎರಡು–ಮೂರು ಗಂಟೆಯ ಅಂತರದಲ್ಲಿ ಎದ್ದ ಹುಳಗಳನ್ನು ಮಾತ್ರ ಒಂದು ಗುಂಪು ಮಾಡಿ. ಇಲ್ಲಿ ಸಡಿಲ ಬಿಟ್ಟರೆ ಮುಂದಿನ ಎಲ್ಲ ಅಳತೆಯೂ ವ್ಯರ್ಥ. ಮೂರನೇ ದಿನದಿಂದ ಪ್ರತಿ ದಿನ ಹತ್ತು ಹುಳಗಳನ್ನು ಹತ್ತು ನಿಮಿಷ ಮಂಜುಗಡ್ಡೆಯ ಮೇಲಿಟ್ಟು ದಪ್ಪ ಹತ್ತಿ ದಾರದಿಂದ ಬಿಗಿಯಿರಿ. ತೆಳು ದಾರ ಚರ್ಮ ಕೊಯ್ಯುತ್ತದೆ. ಮೊದಲ ದಿನಗಳಲ್ಲಿ ಬಿಗಿದ ಹೊಟ್ಟೆಗಳು ಲಾರ್ವಾ ಚರ್ಮದಲ್ಲೇ ಉಳಿಯುತ್ತವೆ. ಹಾರ್ಮೋನು ಹರಿದ ಮೇಲೆ ಬಿಗಿದವು ತಾವಾಗಿಯೇ ಕಂದು ಪ್ಯೂಪಾ ಚರ್ಮ ಮಾಡುತ್ತವೆ. ಎರಡರ ನಡುವಿನ ದಿನವೇ ನಿಮ್ಮ ತಳಿಯ, ನಿಮ್ಮ ಕೋಣೆಯ ನಿರ್ಣಾಯಕ ಹೊತ್ತು.

ಲಾರ್ವಾ ಆಗಿಯೇ ಉಳಿದ ಹೊಟ್ಟೆಗಳಿಗೆ 24 ಗಂಟೆ ಬಿಟ್ಟು 20ಇ ಚುಚ್ಚಿ. ಎಥನಾಲ್ 10 ಶೇಕಡ ಇರುವ ನೀರಿನಲ್ಲಿ ಮೈಕ್ರೊಲೀಟರಿಗೆ ಒಂದು ಮೈಕ್ರೊಗ್ರಾಂ ಕರಗಿಸಿ, ಹುಳಕ್ಕೆ 5 ಮೈಕ್ರೊಲೀಟರ್. ಸುಳ್ಳುಗಾಲಿನ ಬುಡದಲ್ಲಿ ಸೂಜಿಯನ್ನು ಓರೆಯಾಗಿ ತೂರಿಸಿ, ಚುಚ್ಚಿದ ಮೇಲೆ ಕೆಲವು ಕ್ಷಣ ಸೂಜಿ ತೆಗೆಯಬೇಡಿ. ಬೇಗ ತೆಗೆದರೆ ರಕ್ತದ ಜೊತೆ ಹಾರ್ಮೋನೂ ಹೊರಬರುತ್ತದೆ, ಆಗ "ಹಾರ್ಮೋನು ಕೆಲಸ ಮಾಡಲಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಕರುಳು ಚುಚ್ಚಿಕೊಂಡರೆ ಹುಳ ಒಂದೆರಡು ದಿನದಲ್ಲಿ ಕಪ್ಪಾಗಿ ಕೊಳೆಯುತ್ತದೆ. ಅಂಥವನ್ನು ಲೆಕ್ಕದಿಂದ ತೆಗೆದು, ತೆಗೆದ ಸಂಖ್ಯೆಯನ್ನೂ ಬರೆಯಿರಿ.

ಜೆಎಚ್ ಭಾಗಕ್ಕೆ ಜೆಎಚ್‌ನಂತೆಯೇ ಕೆಲಸ ಮಾಡುವ ಮೆಥೊಪ್ರೀನ್ ಸಾಕು. ಅಸಿಟೋನ್‌ನಲ್ಲಿ ಮೈಕ್ರೊಲೀಟರಿಗೆ ಒಂದು ಮೈಕ್ರೊಗ್ರಾಂ ಮಾಡಿ ಬೆನ್ನಿಗೆ ಹಚ್ಚುವುದು. ಗಾಜಿನ ಸೀಸೆಯನ್ನೇ ಬಳಸಿ. ಪ್ಲಾಸ್ಟಿಕ್ಕಿಗೆ ಜೆಎಚ್ ಜಾತಿಯ ಅಣುಗಳು ಅಂಟಿಕೊಂಡು ಎಣಿಸಿದ ಪ್ರಮಾಣ ಹುಳಕ್ಕೆ ಸಿಗುವುದಿಲ್ಲ. ಬೆಳಕಿಗೂ ಹಾಳಾಗುತ್ತದೆ. ಒಂದು ಗುಂಪಿಗೆ 24ನೇ ಗಂಟೆಯಲ್ಲಿ, ಇನ್ನೊಂದಕ್ಕೆ ಹಣ್ಣಾಗುವ ಹಿಂದಿನ ದಿನ ಹಚ್ಚಿ ನೋಡಿ. ಮೊದಲನೆಯದು ಹೆಚ್ಚು ದಿನ ತಿನ್ನುತ್ತದೆ, ಎರಡನೆಯದರ ಚರ್ಮ ಲಾರ್ವಾ ದಾರಿಗೆ ಮರಳದು. ಬ್ರಾಡ್ ಬಗ್ಗೆ ಮೇಲೆ ಹೇಳಿದ್ದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವುದು ಇಲ್ಲಿ.

ಚಾಕಿಮನೆ

ಇದು ಸಾಕಾಣಿಕೆ ಮನೆಗೂ ನೇರ ಸಂಬಂಧಪಟ್ಟದ್ದು, ಹಾಗಾಗಿ ಬರೆಯುತ್ತಿದ್ದೇನೆ.

ಐದನೇ ಹಂತದ ಹುಳ ಹತ್ತು ದಿನ ಕಳೆದರೂ ಸೊಪ್ಪು ತಿನ್ನುತ್ತಲೇ ಇದ್ದು, ದಪ್ಪಗಾಗಿ ಮಿರುಗುತ್ತಾ, ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆಗೆ) ಬಿಟ್ಟರೂ ಗೂಡು ಕಟ್ಟದೆ ಸಾಯುತ್ತಿದ್ದರೆ ಸೊಪ್ಪಿಗೆ ಜೆಎಚ್ ಜಾತಿಯ ಕೀಟನಾಶಕ ತಗುಲಿದೆಯೇ ಎಂದು ಮೊದಲು ಯೋಚಿಸಬೇಕು. ಪೈರಿಪ್ರಾಕ್ಸಿಫೆನ್, ಫೆನಾಕ್ಸಿಕಾರ್ಬ್ ಈ ಗುಂಪಿನವು. 1990ರ ಆಸುಪಾಸಿನಲ್ಲಿ ಉತ್ತರ ಇಟಲಿಯಲ್ಲಿ ಹಣ್ಣಿನ ತೋಟಗಳಿಗೆ ಹೊಡೆದ ಫೆನಾಕ್ಸಿಕಾರ್ಬ್ ಹಿಪ್ಪುನೇರಳೆ ಎಲೆಗೆ ತಾಗಿ ಗೂಡು ಕಟ್ಟದ ಸಮಸ್ಯೆ ದೊಡ್ಡದಾಗಿ ಹರಡಿತ್ತು. ಪೈರಿಪ್ರಾಕ್ಸಿಫೆನ್ ನಮ್ಮಲ್ಲಿ ಬಿಳಿನೊಣಕ್ಕೆ ಬಳಕೆಯಲ್ಲಿದೆ. ಬಹಳ ಕಡಿಮೆ ಪ್ರಮಾಣವೇ ಸಾಕು, ಎಲೆಯ ಮೇಲೆ ಕಲೆಯಾಗಲಿ ವಾಸನೆಯಾಗಲಿ ಇರುವುದಿಲ್ಲ.

ರೋಗದಿಂದ ಇದನ್ನು ಬೇರ್ಪಡಿಸುವುದು ಹೀಗೆ. ಹಾಲುತೊಂಡೆ ರೋಗದಲ್ಲಿ ಗೆಣ್ಣುಗಳ ನಡುವೆ ಊದಿ, ಚರ್ಮ ಹರಿದರೆ ಹಾಲಿನಂಥ ರಸ ಬರುತ್ತದೆ. ಸಪ್ಪೆ ರೋಗದಲ್ಲಿ ಹುಳ ಮೇವು ಬಿಟ್ಟು ಮೆತ್ತಗಾಗುತ್ತದೆ. ಜೆಎಚ್ ತಗುಲಿದ ಹುಳ ಮೇವು ಬಿಡುವುದಿಲ್ಲ, ರಸ ತಿಳಿಯಾಗಿಯೇ ಇರುತ್ತದೆ. ಅದೇ ಮೊಟ್ಟೆಯ ತಂಡವನ್ನು ಬೇರೆ ತೋಟದ ಸೊಪ್ಪಿನಲ್ಲಿ ಸಾಕಿದ ಮನೆಯಲ್ಲಿ ಗೂಡು ಸರಿಯಾಗಿ ಬಂದಿದ್ದರೆ ಅನುಮಾನ ಸೊಪ್ಪಿನ ಮೇಲೆ ಗಟ್ಟಿಯಾಗುತ್ತದೆ.

20ಇ ಕಡೆಯದನ್ನು ರೈತರು ಒಳ್ಳೆಯದಕ್ಕೂ ಬಳಸುತ್ತಾರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ "ಸಂಪೂರ್ಣ" ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯದು. ಕೆಲವು ಹುಳ ಹಣ್ಣಾಗಲು ಶುರುವಾದಾಗ ಸೊಪ್ಪಿಗೆ ಸಿಂಪಡಿಸಿ ಕೊಟ್ಟರೆ ಉಳಿದವೂ ಒಟ್ಟಿಗೆ ಹಣ್ಣಾಗುತ್ತವೆ, ಆಳಿನ ಖರ್ಚು ಉಳಿಯುತ್ತದೆ. ಪ್ರಮಾಣ ಪೊಟ್ಟಣದ ಮೇಲಿದ್ದಷ್ಟೇ. ಒಂದೂ ಹುಳ ಹಣ್ಣಾಗದಿರುವಾಗ ಆತುರಪಟ್ಟು ಕೊಟ್ಟರೆ ರೇಷ್ಮೆ ಗ್ರಂಥಿ ತುಂಬುವ ಮುಂಚೆಯೇ ಗೂಡಿಗೆ ಇಳಿದು ಗೂಡು ತೆಳುವಾಗುತ್ತದೆ.

ಪಾಲಿಟೀನ್

ಚಾಕಿಮನೆ ಅವರು ಹೇಳಿದ ತೆಳು ಗೂಡಿಗೆ ಜೀನ್ ಮಟ್ಟದ ಕಾರಣ ಇದೆ. ರೇಷ್ಮೆ ಗ್ರಂಥಿಯ ಹಿಂಭಾಗದ ಜೀವಕೋಶಗಳು ವಿಭಜನೆಯಾಗದೆ ಡಿಎನ್‌ಎಯನ್ನು 17–19 ಸುತ್ತು ದುಪ್ಪಟ್ಟು ಮಾಡಿಕೊಂಡಿರುತ್ತವೆ. ರೇಷ್ಮೆ ಎಳೆಯ ಪ್ರೋಟೀನಾದ ಫೈಬ್ರೋಯಿನ್‌ನ ಜೀನ್ ಪೂರ್ತಿ ವೇಗದಲ್ಲಿ ಓಡುವುದು ಐದನೇ ಹಂತದಲ್ಲಿ ಹುಳ ತಿನ್ನುವಾಗ. ಪ್ರತಿ ಜ್ವರದಲ್ಲೂ ಆ ಜೀನ್ ಆರುತ್ತದೆ, ಜ್ವರ ಎದ್ದ ಮೇಲೆ ಮತ್ತೆ ಏಳುತ್ತದೆ. ಕೊನೆಯ ದೊಡ್ಡ 20ಇ ಏರಿಕೆ, ಜೆಎಚ್ ಇಲ್ಲದ ಹೊತ್ತಿನಲ್ಲಿ, ಆ ಗ್ರಂಥಿಗೆ ಸಾವಿನ ಆಜ್ಞೆ. ಇ93 ಅಲ್ಲೂ ಏಳುತ್ತದೆ. ಆ ಆಜ್ಞೆಯನ್ನು ಮುಂಚೆ ಕೊಟ್ಟರೆ ತಿನ್ನುವ ದಿನಗಳು ಕಡಿತವಾಗಿ ಫೈಬ್ರೋಯಿನ್ ಕಡಿಮೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ ನನ್ನ ಕಡೆಯಿಂದ. ಟೆಬುಫೆನೊಝೈಡ್, ಮೆಥಾಕ್ಸಿಫೆನೊಝೈಡ್ ಎಂಬ ಕೀಟನಾಶಕಗಳು ಸ್ಟೆರಾಯ್ಡ್ ಅಲ್ಲದಿದ್ದರೂ ಇಸಿಆರ್‌ಗೆ ಅಂಟುತ್ತವೆ, ಅದರಲ್ಲೂ ಪತಂಗ ಜಾತಿಯ ಇಸಿಆರ್‌ಗೆ ಬಿಗಿಯಾಗಿ. ರೇಷ್ಮೆ ಹುಳವೂ ಪತಂಗವೇ. ಇವು ದೇಹದಿಂದ ಬೇಗ ಹೋಗುವುದಿಲ್ಲ. 20ಇ ಆಗಿದ್ದರೆ ಏರಿ ಇಳಿಯುತ್ತಿತ್ತು. ಇದು ಏರಿದ್ದು ಏರಿದಂತೆಯೇ ಇರುತ್ತದೆ. ಪರಿಣಾಮವಾಗಿ ಎಚ್‌ಆರ್3 ಏಳುತ್ತದೆ, ಇಳಿತದ ಆಜ್ಞೆಗೆ ಕಾಯುವ ಬೀಟಾ-ಎಫ್‌ಟಿಝಡ್-ಎಫ್1 ಏಳುವುದಿಲ್ಲ, ಅದರ ಹಿಂದೆ ಬರಬೇಕಾದ ಚರ್ಮ ಗಟ್ಟಿಮಾಡುವ ಕಿಣ್ವಗಳೂ ಬರುವುದಿಲ್ಲ. ಹುಳ ಮೇವು ಬಿಟ್ಟು, ಹಳೆಯ ತಲೆಕವಚ ಅರ್ಧ ಜಾರಿದ ಸ್ಥಿತಿಯಲ್ಲಿ, ಚರ್ಮ ಕಳಚಲಾರದೆ ಸಾಯುತ್ತದೆ. ಜೆಎಚ್ ಜಾತಿಯ ವಿಷದಲ್ಲಿ ಹುಳ ತಿನ್ನುತ್ತಲೇ ಇರುತ್ತದೆ, ಇಲ್ಲಿ ಒಂದೇ ದಿನದಲ್ಲಿ ಮೇವು ಬಿಡುತ್ತದೆ. ತಲೆಕವಚ ನೋಡಿದರೆ ಸಾಕು, ಯಾವ ಗುಂಪು ಎಂದು ತಿಳಿಯುತ್ತದೆ.

ಊಜಿ

ಸೊಳ್ಳೆ ನಿಯಂತ್ರಣದಲ್ಲಿ ಪೈರಿಪ್ರಾಕ್ಸಿಫೆನ್ ಹಾಕಿದ ತೊಟ್ಟಿಯಲ್ಲಿ ಲಾರ್ವಾ ಜೀವಂತ ಇರುವುದನ್ನು ನೋಡಿ "ಔಷಧಿ ಹಿಡಿಯಲಿಲ್ಲ" ಎನ್ನುವವರಿದ್ದಾರೆ. ಕಾರಣ ಇದೇ ಇರಬೇಕಲ್ಲ?

ಕಾರ್ಪೋರಾ

ಹೌದು. ಲಾರ್ವಾದಲ್ಲಿ ಜೆಎಚ್ ಹೇಗೂ ಇರುತ್ತದೆ, ಹೆಚ್ಚಿಗೆ ಬಂದರೆ ತೊಂದರೆಯಿಲ್ಲ. ಅದು ಇರಬಾರದ ಹೊತ್ತಿನಲ್ಲಿ ಇದ್ದಾಗ ಪೆಟ್ಟು, ಹಾಗಾಗಿ ಸಾವು ಪ್ಯೂಪಾ ಹಂತದಲ್ಲಿ. ಲಾರ್ವಾ ಎಣಿಸಬೇಡಿ. ಪ್ಯೂಪಾಗಳನ್ನು ಅದೇ ತೊಟ್ಟಿಯ ನೀರಿನಲ್ಲೇ ತಂದಿಟ್ಟು, ಎಷ್ಟು ಸೊಳ್ಳೆ ಹಾರಿದವು ಎಂದು ಎಣಿಸಿ.

ನಾಲ್ಕನೇಜ್ವರ

ಕೊನೆಯದೊಂದು. ದಾರ ಬಿಗಿದ ಹೊಟ್ಟೆಗೆ 20ಇ ಕೊಟ್ಟ ಮೇಲೆ ಆರ್‌ಎನ್‌ಎ ಅಳೆಯುವುದಾದರೆ ಯಾವ ಗಂಟೆಗಳಲ್ಲಿ, ಯಾವ ಜೀನ್‌ಗಳು? ವಿಶ್ವವಿದ್ಯಾಲಯದ ಕ್ಯೂಪಿಸಿಆರ್ ಯಂತ್ರ ಬಳಸಲು ಅವಕಾಶವಿದೆ.

ಬೆಂಚ್‌ಕೆಲಸ

0, 1, 2, 4, 6, 12, 24 ಗಂಟೆ. ಹಣ ಕಡಿಮೆಯಿದ್ದರೆ 4 ಬಿಡಿ, 1 ಮತ್ತು 2 ಬಿಡಬೇಡಿ. ಮೊದಲ ಜೀನ್‌ಗಳು ಅಲ್ಲೇ ಸಿಗುವುದು. ಇ75 ಮತ್ತು ಇ74ಎ ಮೊದಲ ಸಾಲಿಗೆ, ಎಚ್‌ಆರ್3 ನಡುವಿಗೆ, ಬೀಟಾ-ಎಫ್‌ಟಿಝಡ್-ಎಫ್1 ಕೊನೆಗೆ. ಬ್ರಾಡ್ ಮತ್ತು ಇ93 ಎರಡೂ ಬೇಕು. ಜೆಎಚ್ ಪ್ರಯೋಗಕ್ಕೆ ಕೆಆರ್-ಎಚ್1 ಒಂದೇ ಸಾಕು. ಜೀವಕೋಶಕ್ಕೆ ಜೆಎಚ್ ತಲುಪಿತೇ ಎಂಬುದಕ್ಕೆ ಅದಕ್ಕಿಂತ ಅಗ್ಗದ, ನಂಬಿಕೆಯ ಅಳತೆ ಇಲ್ಲ.

ಪ್ರೈಮರ್ (ಅಳೆಯಬೇಕಾದ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಮಾಡುವಾಗ ಇ75, ಬ್ರಾಡ್, ಇಸಿಆರ್ ಯಾವ ರೂಪವನ್ನು ಹಿಡಿಯುತ್ತಿದ್ದೀರಿ ಎಂದು ನೋಡಿ. ಎಲ್ಲ ರೂಪಕ್ಕೂ ಸಾಮಾನ್ಯವಾದ ತುಣುಕನ್ನು ಹಿಡಿದರೆ ಒಂದು ಏರಿ ಇನ್ನೊಂದು ಇಳಿದದ್ದು ಸೇರಿ "ಬದಲಾವಣೆ ಇಲ್ಲ" ಎಂದು ಕಾಣುತ್ತದೆ. ಹೋಲಿಕೆಗೆ ಆರ್‌ಪಿ49 ಬಳಸಿ. ಆಕ್ಟಿನ್ ರೂಪಾಂತರದ ಹೊತ್ತಿನಲ್ಲಿ ತಾನೇ ಏರಿಳಿಯುತ್ತದೆ, ಬೇಡ. ಪ್ರೈಮರ್ ದಕ್ಷತೆ 90ರಿಂದ 110 ಶೇಕಡದೊಳಗೆ ಇರಲಿ, ಆರ್‌ಎನ್‌ಎಯ 260/280 ಅನುಪಾತ 2ರ ಹತ್ತಿರ. ಡಿಎನ್‌ಏಸ್ ಹಾಕಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಒಂದು ಕೊಳವೆಯನ್ನು ಪ್ರತಿ ಮಾದರಿಗೂ ಓಡಿಸಿ. ಅಳೆಯುವ ಪ್ರತಿ ಹೊತ್ತಿಗೂ ಕನಿಷ್ಠ ಮೂರು ಬೇರೆ ಬೇರೆ ಹುಳ. ಒಂದೇ ಹುಳದ ಮೂರು ಕೊಳವೆ ಲೆಕ್ಕಕ್ಕಿಲ್ಲ.

ಚರ್ಮ, ಕೊಬ್ಬು, ರೇಷ್ಮೆ ಗ್ರಂಥಿಯನ್ನು ಬೇರೆ ಬೇರೆ ತೆಗೆಯಿರಿ. ಇಡೀ ಹೊಟ್ಟೆ ಅರೆದರೆ ರೇಷ್ಮೆ ಗ್ರಂಥಿಯ ಆರ್‌ಎನ್‌ಎ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ, ಅಂಗಾಂಶಗಳ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ. ಚುಚ್ಚಿದ ಹುಳದಲ್ಲಿ 24 ಗಂಟೆಯಾದರೂ ಬೀಟಾ-ಎಫ್‌ಟಿಝಡ್-ಎಫ್1 ಕಾಣದಿದ್ದರೆ ಪ್ರೈಮರನ್ನು ದೂರುವ ಮುಂಚೆ ಪ್ರಮಾಣ ಇಳಿಸಿ ನೋಡಿ. ಕೊಟ್ಟ ಹಾರ್ಮೋನು ಇನ್ನೂ ಇಳಿದಿರುವುದಿಲ್ಲ. ಅಂಗಾಂಶವನ್ನು ಹೊರಗೆ ದ್ರಾವಣದಲ್ಲಿ ಇಡುವುದಾದರೆ ಇದು ಇನ್ನೂ ಸುಲಭ: 6 ಗಂಟೆ 20ಇ ಇರುವ ದ್ರಾವಣದಲ್ಲಿಟ್ಟು, ಮೂರು ಸಲ ತೊಳೆದು, ಹಾರ್ಮೋನಿಲ್ಲದ ದ್ರಾವಣಕ್ಕೆ ಬದಲಿಸಿ ಮುಂದಿನ ಗಂಟೆಗಳನ್ನು ಅಳೆಯಿರಿ. ಪಕ್ಕದಲ್ಲಿ ತೊಳೆಯದ ಒಂದು ಗುಂಪು ಇರಲೇಬೇಕು.